ಸೀರೀಸ್ ಬಲ್ಬು

ಬಂದರದಲ್ಲಿ, ದಕ್ಕೆಗೆ ಇಳಿಯುವ ಓಣಿಯಲ್ಲಿ
ಇದಿನಬ್ಬಾಕನ ಮೋಟರ್ ವೈಂಡಿಂಗ್ ಅಂಗಡಿ.
ಒಳಗೆ ವಾರ್ನಿಶಿನ ವಾಸನೆ, ಹೊರಗೆ ಒಣಮೀನಿನದು,
ಹೊಸಿಲ ಮೇಲೆ ಎರಡಕ್ಕೂ ಜಗಳವಿಲ್ಲ.

ಸುಟ್ಟ ಮಿಕ್ಸಿ ಹಿಡಿದು ಹೋಗಿದ್ದೆ,
ಇಪ್ಪತ್ತೆರಡು ವರ್ಷ ಪಿಯುಸಿ ಮಕ್ಕಳಿಗೆ
ಕೂಲಂಬನ ನಿಯಮ ಬರೆಸಿದವಳು.
"ಫಿಸಿಕ್ಸ್ ಟೀಚರಾ? ಕೂತ್ಕೊಳ್ಳಿ."
ಸ್ಟೂಲಿನ ಮೇಲಿದ್ದ ಪಂಪಿನ ಹೊಟ್ಟೆ ನೆಲಕ್ಕಿಳಿಯಿತು.
"ಸೂರ್ಯ ಒಳಗಿಂದ ಉರಿಯುವುದು ಅಂತ ಅಲ್ವಾ ನೀವು ಕಲಿಸುವುದು?
ತನ್ನಷ್ಟಕ್ಕೆ ಉರಿಯುವ ಬಲ್ಬು
ನಾನು ಈವರೆಗೆ ಕಂಡದ್ದಿಲ್ಲ ಮಾರಾಯ್ರೆ.
ಎಲ್ಲಿಂದಲೋ ಒಂದು ವಯರು ಬರ್ಲೇಬೇಕು."

ಮಾತಾಡುತ್ತಲೇ ಮಿಕ್ಸಿಯ ಎರಡು ತುದಿಗೆ
ಸೀರೀಸ್ ಬಲ್ಬಿನ ಕಡ್ಡಿ ಮುಟ್ಟಿಸಿದರು.
ಝಗ್ಗನೆ ಪೂರ್ತಿ ಬೆಳಕು.
"ಶಾರ್ಟ್. ಮಂಕಾಗಿ ಉರಿದಿದ್ದರೆ ವೈಂಡಿಂಗ್ ಸರಿ ಉಂಟು ಅಂತ ಲೆಕ್ಕ.
ರಾತ್ರಿ ಬೆಂಗ್ರೆಯ ಮೇಲೆ ನೋಡಿ,
ಎಲ್ಲ ಮಂಕಾಗಿಯೇ ಉರಿಯುವುದು.
ಯಾವುದಾದರೂ ಒಮ್ಮೆಲೇ ಝಗ್ಗಂದರೆ
ಅಲ್ಲಿ ಒಬ್ಬನ ಕಾಯಿಲ್ ಹೋಯ್ತು."

ಚಂದ್ರನ ಗುಂಡಿಗಳಿಗೂ ಅವರಲ್ಲಿ ಸಾಕ್ಷಿ ಇತ್ತು.
ಹಳೆಯ ಸ್ಟಾರ್ಟರಿನ ತಾಮ್ರದ ಪಾಯಿಂಟು,
ಕಿಡಿ ತಿಂದು ತಿಂದು ಸಿಡುಬಿನ ಮುಖವಾದದ್ದು,
ನನ್ನ ಅಂಗೈಯಲ್ಲಿಟ್ಟರು.
"ಕಲ್ಲು ಬಿದ್ದದ್ದಾ ಇದು?"

ನಾನೂ ಬಿಡಲಿಲ್ಲ.
ಅಷ್ಟು ಕರೆಂಟು ಸೂರ್ಯನಿಗೆ ಹೋಗುವುದಾದರೆ
ದಾರಿಯಲ್ಲಿ ಕಾದು ಕೂತ ನಮ್ಮ ಯಂತ್ರಗಳಿಗೆ ಸಿಗಬೇಕಿತ್ತು, ಸಿಕ್ಕಿಲ್ಲ.
ಸೂರ್ಯನ ಹೊಟ್ಟೆಯಲ್ಲಿ ಹುಟ್ಟಿ ಹೊರಟ ಕಣಗಳನ್ನು
ನೆಲದಡಿ ತೊಟ್ಟಿ ಕಟ್ಟಿ ಹಿಡಿದು ಎಣಿಸಿದ್ದಾರೆ.
ಲೆಕ್ಕ ಕೂಡುತ್ತದೆ ಇದಿನಬ್ಬಾಕ, ನಿಮ್ಮದು ಕೂಡುವುದಿಲ್ಲ.

ಅವರು ಬಲಗೈ ಚಾಚಿದರು.
ಕೊನೆಯ ಎರಡು ಬೆರಳು ಒಳಕ್ಕೆ ಮಡಚಿಕೊಂಡೇ ಇದ್ದವು.
"ಎಂಬತ್ತೇಳನೇ ಇಸವಿ, ಐಸ್ ಪ್ಲಾಂಟಿನಲ್ಲಿ.
ಭೂಮಿ ನನ್ನನ್ನು ಅರವತ್ತೆಂಟು ವರ್ಷದಿಂದ ಹಿಡ್ಕೊಂಡಿದೆ,
ಆದರೂ ಕಾಲು ಎತ್ತುತ್ತೇನೆ, ಮೆಟ್ಟಿಲು ಹತ್ತುತ್ತೇನೆ.
ಆ ಒಂದು ಲೈನು ಹಿಡಿದದ್ದು ಎಷ್ಟು ಹೊತ್ತು?
ಬಿಸ್ಮಿಲ್ಲಾ ಹೇಳುವಷ್ಟು ಹೊತ್ತು.
ಮುಷ್ಟಿ ಬಿಡಿಸಲಿಕ್ಕೆ ಆಗಲಿಲ್ಲ ಟೀಚರ್.
ಈಗ ಹೇಳಿ, ಆಕಾಶವನ್ನು ಹಿಡಿದಿರುವುದು ಯಾವುದು?"

ಉತ್ತರ ಇತ್ತು ನನ್ನಲ್ಲಿ.
ಪ್ಲಸ್ಸು ಮೈನಸ್ಸು ಒಂದನ್ನೊಂದು ಅಳಿಸಿಕೊಂಡು
ದೂರದವರೆಗೆ ಉಳಿಯುವುದು ಸೆಳೆತವೊಂದೇ,
ಬಡಕಲು, ಆದರೆ ಅದನ್ನು ಅಳಿಸಲು ಎದುರಾಳಿ ಇಲ್ಲ.
ಹೇಳಿದೆ ಕೂಡ.
ಪುಸ್ತಕದಲ್ಲಿದ್ದ ಹಾಗೆಯೇ ಹೇಳಿದೆ.
ಅವರು ಹತ್ತಿಯ ಟೇಪನ್ನು ಹಲ್ಲಲ್ಲಿ ಕತ್ತರಿಸುತ್ತಾ
"ಅಳಿಸಿಹೋದದ್ದು ಎಲ್ಲಿಗೆ ಹೋಗ್ತದೆ?" ಅಂದರು,
ನನ್ನನ್ನು ಕೇಳಿದ್ದಲ್ಲವೇನೋ.

ಗುರುವಾರ ಮಿಕ್ಸಿ ಬಂತು. ತೆಂಗಿನಕಾಯಿ ಹಾಕಿ ಒತ್ತಿದರೆ
ಬ್ಲೇಡು ಉಲ್ಟಾ ತಿರುಗಿತು,
ಚಟ್ನಿ ಆಗದೆ ಚೂರುಗಳು ಸುಮ್ಮನೆ ಪ್ರದಕ್ಷಿಣೆ ಹಾಕಿದವು.
ಫೋನಿನಲ್ಲಿ ಇದಿನಬ್ಬಾಕ ನಕ್ಕರು, ಕೆಮ್ಮುವವರೆಗೆ.
"ಎರಡು ತುದಿ ಅದಲುಬದಲಾಗಿದೆ, ತಪ್ಪು ನನ್ನದೇ.
ಆದರೆ ತಿರುಗಿತಲ್ಲಾ?"

ಮರುದಿನ ಮೊದಲ ಪೀರಿಯಡ್ಡು.
ಎರಡು ಎಲೆಕ್ಟ್ರಾನು, ನಡುವೆ ಎರಡು ಬಲ.
ಒಂದನ್ನು ಇನ್ನೊಂದರಿಂದ ಭಾಗಿಸಿ
ಸೊನ್ನೆಗಳನ್ನು ಬಿಡಿಸಿ ಬರೆಯತೊಡಗಿದೆ.
ಬೋರ್ಡಿನ ಅಂಚು ಬಂತು, ಕೆಳಗಿನ ಸಾಲಿಗಿಳಿದೆ,
ನಲವತ್ತೆರಡು ಆಗುವ ಮೊದಲೇ ಸೀಮೆಸುಣ್ಣ ಮುರಿಯಿತು.
ಪ್ರತಿ ವರ್ಷ ಇದನ್ನು ಹತ್ತರ ಘಾತವೆಂದು
ತಲೆಯ ಮೇಲೆ ಒಂದು ಚಿಕ್ಕ ಅಂಕಿ ಕೂರಿಸಿ ಮುಗಿಸುತ್ತಿದ್ದೆ.

ಎಲ್ಲರೂ ಬಲಗೈ ಮುಷ್ಟಿ ಹಿಡಿಯಿರಿ ಅಂದೆ.
ಹಿಂದಿನ ಬೆಂಚು ಕಿಸಕ್ಕೆಂದಿತು, ಆದರೂ ಹಿಡಿದರು.
ಮೇಲೆ ಫ್ಯಾನು ಟಕ್ ಟಕ್ ಅನ್ನುತ್ತಿತ್ತು.
ಹೊರಗೆ ಬಂದರದ ಕಡೆಯಿಂದ ಮೋಡ ಏರುತ್ತಿತ್ತು.

ಈಗ ಬಿಡಿಸಿ ಅಂದೆ.
ಬಿಡಿಸಿದರು,
ಅರುವತ್ತೂ ಮಂದಿ, ಸಲೀಸಾಗಿ.